ಮೌನ ಯಾರ ಸಮ್ಮತಿ?

“ಮೌನಂ ಸಮ್ಮತಿ ಲಕ್ಷಣಂ” ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿ ಕುಳಿತಿರುತ್ತಾಳೆ. ಹಿರಿಯರೊಬ್ಬರು ನಗುತ್ತ ಈ ಮಾತನ್ನು ಹೇಳುತ್ತಾರೆ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳು ಹೊರಗೆ ಬರುತ್ತವೆ. ಅಲ್ಲಿಗೆ ಒಂದು ಜೀವದ ಅಭಿಪ್ರಾಯ ಕೇಳಿದಂತಾಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿ, ಸಾವಿರಾರು ಮಕ್ಕಳಿಂದ ಗಾದೆಮಾತುಗಳ ವಿಸ್ತರಣೆ ಬರೆಯಿಸಿದ ನನಗೆ ಹಿರಿಯರ ನುಡಿಗಳ ಮೇಲೆ ಗೌರವವಿದೆ. ಆದರೆ ಈ ಒಂದು ನುಡಿಯನ್ನು ನಾವು ತಲೆಕೆಳಗಾಗಿ ಬಳಸುತ್ತಿದ್ದೇವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾರ ಮೌನವನ್ನು ಸಮ್ಮತಿಯೆಂದು ಎಂದೂ ತಿಳಿಯಬಾರದೋ ಆ ಹೆಣ್ಣಿನ ಮೌನವನ್ನು ಸಮ್ಮತಿಯೆನ್ನುತ್ತೇವೆ. ಯಾರ ಮೌನ ನಿಜಕ್ಕೂ ಸಮ್ಮತಿಯಾಗಿ ಪರಿಣಮಿಸುತ್ತದೆಯೋ, ಆ ಸುತ್ತ ನಿಂತು ನೋಡುವವರನ್ನು ಮಾತ್ರ “ಪಾಪ, ಅವರಿಗೇನು ಸಂಬಂಧ” ಎಂದು ಬಿಟ್ಟುಬಿಡುತ್ತೇವೆ.

ಈ ವಿಚಾರವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಪ್ರತಿ ವರ್ಷ ಸಿಇಟಿ ಫಲಿತಾಂಶ ಬಂದ ಮೇಲೆ ಬಂಧುಗಳಿಂದಲೂ ಹಳೆಯ ವಿದ್ಯಾರ್ಥಿಗಳಿಂದಲೂ ನನಗೆ ಒಂದೇ ಬಗೆಯ ದೂರವಾಣಿ ಕರೆಗಳು ಬರುತ್ತವೆ. “ಸಾರ್, ಮಗಳಿಗೆ ಮೆಕ್ಯಾನಿಕಲ್ ಸಿಗುತ್ತದೆ, ಅವಳಿಗೆ ಇಷ್ಟವೂ ಇದೆ. ಆದರೆ ತರಗತಿಯಲ್ಲಿ ಮೂವರೋ ನಾಲ್ವರೋ ಹುಡುಗಿಯರಂತೆ. ಕಳಿಸುವುದೋ ಬೇಡವೋ?” ಪ್ರಶ್ನೆಯಲ್ಲಿರುವ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದೇ ತರಗತಿಗೆ ಮಗನನ್ನು ಕಳಿಸುವ ಒಬ್ಬ ತಂದೆಯಾಗಲಿ ತಾಯಿಯಾಗಲಿ ಇದುವರೆಗೆ ಕರೆ ಮಾಡಿ, “ಸಾರ್, ಅಲ್ಲಿ ನಾಲ್ವರೇ ಹುಡುಗಿಯರಂತೆ, ನನ್ನ ಮಗ ಅವರೊಂದಿಗೆ ಹೇಗೆ ನಡೆದುಕೊಳ್ಳುವನೋ, ಉಳಿದವರು ಕೆಟ್ಟದಾಗಿ ನಡೆದುಕೊಂಡರೆ ಇವನೇನು ಮಾಡುವನೋ” ಎಂದು ಕೇಳಿಲ್ಲ. ಐವತ್ತಾರು ಮನೆಗಳಲ್ಲಿ ಇಲ್ಲದ ಚಿಂತೆ ನಾಲ್ಕು ಮನೆಗಳಲ್ಲಿ ಮಾತ್ರ ಇದೆ. ನನ್ನ ತಕರಾರು ಇರುವುದು ಈ ಅಸಮಾನ ಚಿಂತೆಯ ಬಗ್ಗೆ.

ನಮ್ಮ ಕಂಪ್ಯೂಟರ್ ವಿಭಾಗಗಳಲ್ಲಿ ಹುಡುಗಿಯರು ಸಾಕಷ್ಟಿದ್ದಾರೆ. ಯಂತ್ರ, ವಾಹನ, ಗಣಿಗಳಿಗೆ ಸಂಬಂಧಿಸಿದ ವಿಭಾಗಗಳಿಗೆ ಬಂದರೆ ಬೆರಳೆಣಿಕೆ. ಐಟಿಐ, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಗಳಲ್ಲಿಯೂ ಹೀಗೆಯೇ. ದೇಶದ ಹೆಮ್ಮೆಯೆನಿಸಿದ ಐಐಟಿಗಳಲ್ಲಿ 2017ರವರೆಗೂ ಬಿ.ಟೆಕ್.ಗೆ ಸೇರುವವರಲ್ಲಿ ಹುಡುಗಿಯರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. 2018ರಲ್ಲಿ ಹುಡುಗರ ಸ್ಥಾನಗಳನ್ನು ಕಡಿಮೆ ಮಾಡದೆ ಹುಡುಗಿಯರಿಗಾಗಿ ಹೆಚ್ಚುವರಿ ಸ್ಥಾನಗಳನ್ನು ಸೃಷ್ಟಿಸಿ, ಆ ವರ್ಷ ಶೇಕಡ 14, 2019ರಲ್ಲಿ 17, 2020ರಲ್ಲಿ 20 ಎಂದು ಗುರಿಯಿಟ್ಟು ಏರಿಸಿದರು. ಒಳ್ಳೆಯ ಕೆಲಸ, ನಾನು ಸ್ವಾಗತಿಸುತ್ತೇನೆ. ಆದರೆ ಬಾಗಿಲು ತೆರೆದು ಒಳಗೆ ಕರೆಯುವುದು ಒಂದು ಕೆಲಸ, ಒಳಗಿದ್ದವರಿಗೆ ಸರಿದು ಕೂರಲು ಕಲಿಸುವುದು ಇನ್ನೊಂದು. ಎರಡನೆಯದನ್ನು ಬಹುತೇಕ ಕಡೆ ಯಾರೂ ವಹಿಸಿಕೊಂಡಿಲ್ಲ.

ಸಂಖ್ಯೆ ಕಡಿಮೆಯಿದ್ದರೆ ಏನಾಯಿತು ಎಂದು ಕೇಳುವವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ 1977ರಲ್ಲಿಯೇ ಇದನ್ನು ವಿವರಿಸಿದ್ದಾರೆ. ಒಂದು ಗುಂಪಿನಲ್ಲಿ ಒಂದು ವರ್ಗದವರು ನೂರಕ್ಕೆ ಹದಿನೈದರೊಳಗಿದ್ದರೆ ಅವರನ್ನು ಯಾರೂ ಬಿಡಿ ವ್ಯಕ್ತಿಗಳಾಗಿ ನೋಡುವುದಿಲ್ಲ, ಇಡೀ ವರ್ಗದ ಮಾದರಿಯಾಗಿ ನೋಡುತ್ತಾರೆ. ಹುಡುಗನೊಬ್ಬ ವೈವಾದಲ್ಲಿ ತಡವರಿಸಿದರೆ ಅವನು ಓದಿಲ್ಲವೆನ್ನುತ್ತಾರೆ. ಹುಡುಗಿ ತಡವರಿಸಿದರೆ “ಹುಡುಗಿಯರಿಗೆ ಇದು ಹತ್ತುವುದಿಲ್ಲ” ಎನ್ನುತ್ತಾರೆ. ನಮ್ಮ ಕಾಲೇಜುಗಳಿಗೆ ಇದನ್ನು ಅನ್ವಯಿಸಿ ನೋಡಿ. ಪ್ರಯೋಗಾಲಯದ ತಂಡ, ಪ್ರಾಜೆಕ್ಟ್ ತಂಡ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಸೀನಿಯರ್‌ಗಳು ಕೊಡುವ ರೆಕಾರ್ಡು, ಕಾರ್ಖಾನೆಯ ತರಬೇತಿಯ ಸುದ್ದಿ, ಇವೆಲ್ಲ ಹುಡುಗರ ಗುಂಪಿನೊಳಗೆ ಹರಿದಾಡುವ ವಸ್ತುಗಳು. ಆ ಗುಂಪನ್ನು ಎದುರು ಹಾಕಿಕೊಂಡ ಹುಡುಗಿಗೆ ನಾಲ್ಕು ವರ್ಷದ ಓದೇ ಕಷ್ಟವಾಗುತ್ತದೆ. ದೂರು ಕೊಟ್ಟವಳ ಹೆಸರನ್ನು ಗುಟ್ಟಾಗಿಡಬೇಕೆಂದು ನಿಯಮವಿದೆ, ನಿಜ. ಆದರೆ ನಾಲ್ವರಲ್ಲಿ ಒಬ್ಬಳು ಯಾರೆಂದು ಕಂಡುಹಿಡಿಯಲು ಗಣಿತವೇ ಬೇಕಾಗಿಲ್ಲ. ಆದ್ದರಿಂದ ಇಂಥ ತರಗತಿಯಲ್ಲಿ ಹುಡುಗಿ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಗೆ ಹತ್ತು ಕಾರಣಗಳಿರುತ್ತವೆ. ಸಮ್ಮತಿ ಆ ಹತ್ತರಲ್ಲಿ ಒಂದಾಗಿರಬೇಕೆಂದಿಲ್ಲ.

ಹೆಣ್ಣಿನ ಮೌನವನ್ನು ಒಪ್ಪಿಗೆಯೆಂದು ಓದುವ ಚಾಳಿ ನಮ್ಮ ನ್ಯಾಯಪೀಠಗಳನ್ನೂ ಬಿಟ್ಟಿರಲಿಲ್ಲ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಹದಿಹರೆಯದ ಆದಿವಾಸಿ ಹುಡುಗಿಯ ಮೇಲೆ ಪೊಲೀಸರಿಂದಲೇ ಅತ್ಯಾಚಾರವಾಯಿತೆಂಬ ದೂರು ದಾಖಲಾಯಿತು. ಅದು ಮುಂದೆ ಮಥುರಾ ಪ್ರಕರಣವೆಂದು ಹೆಸರಾಯಿತು. ಉಚ್ಚ ನ್ಯಾಯಾಲಯ ವಿಧಿಸಿದ್ದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಅವಳ ಮೈಮೇಲೆ ಗಾಯದ ಗುರುತುಗಳಿರಲಿಲ್ಲ, ಅವಳು ಪ್ರತಿಭಟಿಸಿದ ಕುರುಹು ಇರಲಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಆಧಾರವಾಗಿತ್ತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಶರಣಾಗುವುದು ಬೇರೆ, ಸಮ್ಮತಿಸುವುದು ಬೇರೆ ಎಂಬುದು ಆ ಪತ್ರದ ತಿರುಳು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಅಧ್ಯಾಪಕರು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನನಗೆ ತಿಳಿದಿಲ್ಲ.

2013ರಲ್ಲಿ, ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ, ಸಮ್ಮತಿ ಎಂದರೇನೆಂಬುದನ್ನೇ ಕಾನೂನು ಬಿಡಿಸಿ ಬರೆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿಯೂ ಅದು ಹಾಗೆಯೇ ಉಳಿದಿದೆ. ಸಮ್ಮತಿ ಸಂದಿಗ್ಧವಿಲ್ಲದ್ದಾಗಿರಬೇಕು, ಸ್ವಇಚ್ಛೆಯದಾಗಿರಬೇಕು, ಮಾತಿನಿಂದಲೋ ಸನ್ನೆಯಿಂದಲೋ ವ್ಯಕ್ತವಾಗಿರಬೇಕು. ಹೆಣ್ಣು ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿಸಿದಳೆಂದು ತಿಳಿಯಬಾರದು. ಅಂದರೆ ಈ ನೆಲದ ಕಾನೂನು “ಮೌನಂ ಸಮ್ಮತಿ ಲಕ್ಷಣಂ” ಎಂಬ ಮಾತನ್ನು ಹೆಣ್ಣಿನ ಮಟ್ಟಿಗೆ ರದ್ದುಗೊಳಿಸಿಬಿಟ್ಟಿದೆ. ಇದನ್ನು ಹದಿನೆಂಟು ದಾಟಿದ ನಮ್ಮ ಎಷ್ಟು ಹುಡುಗರು ಬಲ್ಲರು? ಥರ್ಮೋಡೈನಾಮಿಕ್ಸಿನ ಎರಡನೆಯ ನಿಯಮವನ್ನು ನಿದ್ದೆಗಣ್ಣಿನಲ್ಲಿ ಹೇಳುವವರು ಇದನ್ನು ಒಮ್ಮೆಯೂ ಕೇಳಿರುವುದಿಲ್ಲ.

ಕೇಳಿರುವುದಾದರೂ ಏನನ್ನು? ಭಾಷೆಯ ಅಧ್ಯಾಪಕನಾಗಿ ನಾನು ಪದಗಳನ್ನು ಗಮನಿಸುತ್ತೇನೆ. ಒಲ್ಲದ ಹುಡುಗಿಯ ಹಿಂದೆ ಬೀಳುವುದಕ್ಕೆ ನಮ್ಮ ಪತ್ರಿಕೆಗಳು ಇಟ್ಟ ಹೆಸರು “ಚುಡಾಯಿಸುವುದು”. ತಂಗಿಯ ಜಡೆ ಎಳೆದು ರೇಗಿಸುವುದಕ್ಕೂ ಇದೇ ಮಾತು, ಬಸ್ಸಿನಲ್ಲಿ ಮೈಗೆ ಕೈ ಹಾಕುವುದಕ್ಕೂ ಇದೇ ಮಾತು. ಕಾಲೇಜು ಹುಡುಗರ ಬಾಯಲ್ಲಿ ಅದು “ಕಾಳು ಹಾಕುವುದು”. ಕಾಳು ಹಾಕುವವನು ಬೇಟೆಗಾರ, ಕಾಳಿಗೆ ಬರುವುದು ಹಕ್ಕಿ. ಈ ರೂಪಕದಲ್ಲಿ ಹಕ್ಕಿಯ ಅಭಿಪ್ರಾಯಕ್ಕೆ ಎಡೆಯೆಲ್ಲಿದೆ? ನಮ್ಮ ಸಿನಿಮಾಗಳು ಅರ್ಧ ಶತಮಾನದಿಂದ ಇದನ್ನೇ ಪಾಠ ಮಾಡಿವೆ. ನಾಯಕಿ “ಬೇಡ” ಎಂದಷ್ಟೂ ನಾಯಕ ಬೆನ್ನು ಹತ್ತುತ್ತಾನೆ, ಮೂರನೆಯ ಹಾಡಿನ ಹೊತ್ತಿಗೆ ಅವಳು ಒಲಿಯುತ್ತಾಳೆ. ಆಸ್ಟ್ರೇಲಿಯಾದ ಹೋಬರ್ಟ್ ನಗರದಲ್ಲಿ ಇಬ್ಬರು ಮಹಿಳೆಯರನ್ನು ಬೆನ್ನು ಹತ್ತಿದ ಭಾರತೀಯನೊಬ್ಬನ ಪರವಾಗಿ ವಕೀಲರು, ಹಿಂದಿ ಸಿನಿಮಾ ನೋಡಿ ಬೆಳೆದ ಇವನಿಗೆ ಇದು ಸಹಜವೆನಿಸಿತೆಂದು 2015ರಲ್ಲಿ ವಾದಿಸಿದ್ದರು. ಅಲ್ಲಿ ಅದು ಸುದ್ದಿಯಾಯಿತು, ಇಲ್ಲಿ ಅದು ಹಾಡಾಗುತ್ತದೆ. ಅನಾಸಕ್ತಿಯನ್ನು ಸ್ಪಷ್ಟವಾಗಿ ತೋರಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸಲು ಯತ್ನಿಸುವುದು ಈ ದೇಶದಲ್ಲಿ 2013ರಿಂದ ಅಪರಾಧ. ಅದನ್ನು ನಮ್ಮ ಹುಡುಗರಿಗೆ ಮೊದಲು ತಿಳಿಸುವವರು ಅಧ್ಯಾಪಕರಾಗಬೇಕೋ ಪೊಲೀಸರಾಗಬೇಕೋ?

“ಇದೆಲ್ಲ ಪಾಶ್ಚಾತ್ಯರ ಆಮದು” ಎನ್ನುವವರಿಗೆ ಒಂದು ಮಾತು. ಹರಿಹರನ ರಗಳೆಯನ್ನು ತೆಗೆದು ನೋಡಿ. ಅಕ್ಕಮಹಾದೇವಿ ಕೌಶಿಕನಿಗೆ ಷರತ್ತುಗಳನ್ನು ವಿಧಿಸಿ ಒಪ್ಪಿಗೆ ಕೊಡುತ್ತಾಳೆ. ಅವನು ಷರತ್ತು ಮುರಿದಾಗ ಒಪ್ಪಿಗೆಯನ್ನು ಹಿಂದಕ್ಕೆ ಪಡೆದು ಅರಮನೆಯನ್ನೇ ತೊರೆದು ನಡೆಯುತ್ತಾಳೆ. ಒಪ್ಪಿಗೆಗೆ ಷರತ್ತಿರಬಹುದು, ಒಮ್ಮೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂಬುದನ್ನು ಕನ್ನಡಿಗರು ಎಂಟುನೂರು ವರ್ಷಗಳಿಂದ ಓದುತ್ತಿದ್ದಾರೆ. ಓದಿ ಕೈಮುಗಿದಿದ್ದಾರೆ, ಅಷ್ಟೇ.

ಇನ್ನು ಎರಡನೆಯ ಮೌನದ ವಿಚಾರ. ನನ್ನ ವಿದ್ಯಾರ್ಥಿನಿಯೊಬ್ಬಳ ಅನುಭವವನ್ನು ಅವಳ ಅನುಮತಿ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಬೇಡವೆಂದಳು, ಹಾಗೆಯೇ ಆಗಲಿ. ಅವಳ ತಂದೆ ಪಂಪ್‌ಸೆಟ್ ರಿಪೇರಿ ಮಾಡುವವರು. ಎಂಟನೆಯ ತರಗತಿಯಲ್ಲಿದ್ದಾಗಲೇ ಅವಳು ಮೋಟಾರು ಬಿಚ್ಚಿ ಜೋಡಿಸುತ್ತಿದ್ದಳು. ಹಟ ಹಿಡಿದು ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಳು. ಐವತ್ತಾರು ಹುಡುಗರು, ನಾಲ್ವರು ಹುಡುಗಿಯರು. ಎರಡನೆಯ ವರ್ಷದಲ್ಲಿ, ಗುಡ್ಡಗಾಡಿನಲ್ಲಿ ಓಡುವ ವಾಹನವನ್ನು ತಾವೇ ಕಟ್ಟಿ ಸ್ಪರ್ಧೆಗೆ ಒಯ್ಯುವ ವಿದ್ಯಾರ್ಥಿಗಳ ತಂಡಕ್ಕೆ ಆಯ್ಕೆಯೂ ಆದಳು. ಆ ದಿನಗಳಲ್ಲಿಯೇ ಒಬ್ಬ ಹುಡುಗ, ಅವಳು ಲೇತ್ ಯಂತ್ರದ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದಾಗ ಹಿಂದಿನಿಂದ ಚಿತ್ರ ತೆಗೆದು, ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ, “ಹತ್ತಕ್ಕೆ ಎಷ್ಟು?” ಎಂದು ಬರೆದ. ಹನ್ನೊಂದು ಜನ ಅಂಕ ಕೊಟ್ಟರು. ಉಳಿದ ನಲವತ್ತನಾಲ್ಕು ಹುಡುಗರು ಏನೂ ಹೇಳಲಿಲ್ಲ. ಅದು ಪಾಠದ ಟಿಪ್ಪಣಿಗಳು ಬರುವ ಗುಂಪಾದ್ದರಿಂದ ಅವಳೂ ಅದರಲ್ಲಿದ್ದಳು. ಅಂಕಗಳು ಒಂದೊಂದಾಗಿ ಬಂದು ಬೀಳುವುದನ್ನು ಹಾಸ್ಟೆಲಿನ ಮಂಚದ ಮೇಲೆ ಕುಳಿತು ನೋಡಿದಳು.

ಮುಂದೇನಾಯಿತು? ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ದೂರು ದಾಖಲಾಗಲಿಲ್ಲ, ಯಾರಿಗೂ ಶಿಕ್ಷೆಯಾಗಲಿಲ್ಲ. ಅವಳು ವಾಹನದ ತಂಡವನ್ನು ಬಿಟ್ಟಳು. ಕಾರ್ಯಾಗಾರಕ್ಕೆ ಹಾಜರಾತಿಗೆ ಬೇಕಾದಷ್ಟೇ ಹೋದಳು. ಒಳ್ಳೆಯ ಅಂಕಗಳೊಂದಿಗೆ ಪದವಿ ಪಡೆದು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಾಳೆ, ಸಂಬಳವೂ ಚೆನ್ನಾಗಿದೆ. ಇದರಲ್ಲಿ ಮರುಗುವಂಥದ್ದೇನಿದೆ ಎಂದು ಕೇಳಬಹುದು. ನಾನು ಮರುಗುತ್ತೇನೆ. ಅವಳು ಮುಟ್ಟಿದ ಮೋಟಾರು ಸುಮ್ಮನಿರುತ್ತಿರಲಿಲ್ಲ, ತಿರುಗುತ್ತಿತ್ತು. ಆ ಕೈಗಳನ್ನು ಯಂತ್ರದಿಂದ ದೂರ ಮಾಡಿದ್ದು ಒಂದು ಚಿತ್ರವಲ್ಲ. “ಹನ್ನೆರಡು ಜನ ಕೆಟ್ಟವರಿದ್ದರೆ ಅವರನ್ನು ದೂರವಿಡಬಹುದಿತ್ತು ಸಾರ್. ಉಳಿದವರೂ ಹಾಗೆಯೇ ಅಂದುಕೊಂಡೆ” ಎಂದಳು. ಅವಳನ್ನು ಓಡಿಸಿದ್ದು ಆ ನಲವತ್ತನಾಲ್ಕು ಮೌನಗಳು.

ಆ ನಲವತ್ತನಾಲ್ವರಲ್ಲಿ ಒಬ್ಬ ನನ್ನದೇ ವಿದ್ಯಾರ್ಥಿ. ಒಳ್ಳೆಯ ಮನೆತನದ, ನಾಚಿಕೆ ಸ್ವಭಾವದ ಹುಡುಗ. ವರ್ಷಗಳ ನಂತರ ಮದುವೆಯೊಂದರಲ್ಲಿ ಸಿಕ್ಕಾಗ ಈ ಪ್ರಸಂಗವನ್ನು ನಾನೇ ಎತ್ತಿದೆ. “ಸಾರ್, ನನಗೂ ಅಸಹ್ಯ ಆಯ್ತು. ಏನಾದ್ರೂ ಹೇಳ್ಬೇಕು ಅನ್ನಿಸ್ತು. ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಬೇರೆ ಯಾರಿಗೂ ಏನೂ ಅನ್ನಿಸಿಲ್ವೇನೋ ಅಂದ್ಕೊಂಡೆ” ಎಂದ. ಅವನ ಕೋಣೆಯ ಗೆಳೆಯನೂ ಹೀಗೆಯೇ ಅಂದುಕೊಂಡಿದ್ದನೆಂದು ಪದವಿ ಮುಗಿದ ಮೇಲೆ ಇವನಿಗೆ ತಿಳಿಯಿತಂತೆ. ಒಂದೇ ಕೋಣೆಯಲ್ಲಿ ಮಲಗುವ ಇಬ್ಬರು, ಒಂದೇ ಅಸಹ್ಯವನ್ನು ಅನುಭವಿಸುತ್ತ, ಇನ್ನೊಬ್ಬನು ಒಪ್ಪಿದ್ದಾನೆಂದು ನಂಬಿ ಸುಮ್ಮನಿದ್ದರು. ಹೆಣ್ಣಿನ ಮೌನವನ್ನು ತಪ್ಪಾಗಿ ಓದುವ ಈ ಸಮಾಜದಲ್ಲಿ ಗಂಡಸರು ಪರಸ್ಪರರ ಮೌನವನ್ನೂ ತಪ್ಪಾಗಿಯೇ ಓದುತ್ತಾರೆ.

ಮನಶ್ಶಾಸ್ತ್ರಜ್ಞರಿಗೆ ಇದು ಹಳೆಯ ವಿಷಯ. 1968ರಲ್ಲಿ ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ ಎಂಬವರು ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಯೊಬ್ಬ ಕೋಣೆಯಲ್ಲಿ ಕುಳಿತು ಪ್ರಶ್ನಾವಳಿ ತುಂಬುತ್ತಿರುವಾಗ ಗೋಡೆಯ ಸಂದಿನಿಂದ ಹೊಗೆ ಬಿಟ್ಟರು. ಒಬ್ಬನೇ ಇದ್ದಾಗ ನೂರಕ್ಕೆ 75 ಜನ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರನ್ನು ಜೊತೆಗೆ ಕೂರಿಸಿದಾಗ ತಿಳಿಸಿದವರು ನೂರಕ್ಕೆ 10 ಮಾತ್ರ. ಉಳಿದವರು ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಬರೆಯುತ್ತಿದ್ದರು! ಇದರಿಂದ ಮನುಷ್ಯರೆಲ್ಲ ಹೇಡಿಗಳೆಂದು ತೀರ್ಮಾನಿಸಬೇಕಾಗಿಲ್ಲ. ಇಂಗ್ಲೆಂಡು, ನೆದರ್ಲೆಂಡ್ಸ್, ದಕ್ಷಿಣ ಆಫ್ರಿಕಾಗಳ ಬೀದಿ ಕ್ಯಾಮರಾಗಳಲ್ಲಿ ದಾಖಲಾದ ಇನ್ನೂರಕ್ಕೂ ಹೆಚ್ಚು ಜಗಳಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತರಲ್ಲಿ ಒಂಬತ್ತು ಸಂದರ್ಭಗಳಲ್ಲಿ ಕನಿಷ್ಠ ಒಬ್ಬ ದಾರಿಹೋಕನಾದರೂ ನೆರವಿಗೆ ಬಂದಿದ್ದ. ಬೀದಿಯ ಬಡಿದಾಟದಲ್ಲಿ ಕೇಡು ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ. ತರಗತಿಯ ತಮಾಷೆಯಲ್ಲಿ ಅದು ಹೊಗೆಯಂತೆ ಮೆಲ್ಲಗೆ ತುಂಬುತ್ತದೆ, ಪಕ್ಕದಲ್ಲಿರುವವರು ನಾಲ್ಕು ವರ್ಷ ಜೊತೆಗಿರಬೇಕಾದ ಗೆಳೆಯರು. ಆದ್ದರಿಂದ ಇಲ್ಲಿ ಮಾತನಾಡುವುದು ಬೀದಿಯಲ್ಲಿ ಅಡ್ಡ ಬರುವುದಕ್ಕಿಂತ ಕಷ್ಟ. ಕಷ್ಟವಾದುದನ್ನೇ ತಾನೆ ಕಲಿಸಬೇಕಾದದ್ದು?

ನಮ್ಮ ಭಾರತದ ಕಥೆಯಲ್ಲಿಯೂ ಒಂದು ತುಂಬಿದ ಸಭೆಯಿತ್ತು. ದ್ರೌಪದಿ ಪ್ರಶ್ನೆ ಕೇಳಿದಳು. ಭೀಷ್ಮ, ದ್ರೋಣಾದಿಗಳು ಇದ್ದರು. ವಿದುರನನ್ನು ಬಿಟ್ಟರೆ ಎದ್ದು ನಿಂತು ಇದು ಅಧರ್ಮವೆಂದವನು ಕೌರವರಲ್ಲಿಯೇ ಒಬ್ಬನಾದ ವಿಕರ್ಣ. ಕರ್ಣ ಅವನನ್ನು ಹುಡುಗುಮಾತು ಎಂದು ಗದರಿಸಿ ಕೂರಿಸಿದ. ತರಗತಿಯಲ್ಲಿ ಈ ಪ್ರಸಂಗ ಬಂದಾಗಲೆಲ್ಲ ಮಕ್ಕಳು ದುಶ್ಶಾಸನನನ್ನು ಬೈಯುತ್ತಿದ್ದರು, ಕೃಷ್ಣನನ್ನು ಕೊಂಡಾಡುತ್ತಿದ್ದರು. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ: ವಿಕರ್ಣ ಕುಳಿತ ಮೇಲೆ ಎರಡನೆಯವನೊಬ್ಬ ಏಕೆ ಏಳಲಿಲ್ಲ? ಸೊಲೊಮನ್ ಆಶ್ ಎಂಬ ವಿದ್ವಾಂಸ 1950ರ ದಶಕದಲ್ಲಿ ಗೆರೆಗಳ ಉದ್ದವನ್ನು ಹೋಲಿಸುವ ಸರಳ ಪ್ರಯೋಗದಿಂದ ತೋರಿಸಿದ್ದೂ ಇದನ್ನೇ. ಇಡೀ ಗುಂಪು ತಪ್ಪು ಹೇಳುವಾಗ ಒಬ್ಬಂಟಿಯಾದವನು ಎಷ್ಟೋ ಸಲ ತಾನೂ ತಪ್ಪನ್ನೇ ಹೇಳುತ್ತಾನೆ. ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರ ಸಿಕ್ಕರೆ ಗುಂಪಿನ ಹಿಡಿತ ತೀರಾ ಸಡಿಲಾಗುತ್ತದೆ. ಕಾಲೇಜುಗಳಲ್ಲಿ ನಾವು ವೀರರನ್ನು ತಯಾರು ಮಾಡಬೇಕಾಗಿಲ್ಲ. ಎರಡನೆಯ ವಿಕರ್ಣನನ್ನು ತಯಾರು ಮಾಡಿದರೆ ಸಾಕು, ಮೊದಲನೆಯವನು ತಾನಾಗಿ ಹುಟ್ಟುತ್ತಾನೆ.

ಈಗ ಕಾಲೇಜುಗಳು ಮಾಡುತ್ತಿರುವುದೇನೆಂದು ನೋಡೋಣ. ಹುಡುಗಿಯರನ್ನು ಮಾತ್ರ ಸಭಾಂಗಣಕ್ಕೆ ಕರೆದು ಉಡುಪು, ಫೋನು, ಹಾಸ್ಟೆಲಿನ ಬಾಗಿಲು ಹಾಕುವ ಹೊತ್ತು, ಇವುಗಳ ಬಗ್ಗೆ ಉಪದೇಶ. ಮಾರ್ಚ್ 8ರಂದು ಒಂದು ಭಾಷಣ, ಒಂದು ರಂಗೋಲಿ ಸ್ಪರ್ಧೆ. ಹೆಚ್ಚೆಂದರೆ ಕರಾಟೆ ತರಬೇತಿ. ಕರಾಟೆಯನ್ನು ನಾನು ವಿರೋಧಿಸುವುದಿಲ್ಲ, ಆದರೆ ವಾಟ್ಸಾಪಿನಲ್ಲಿ ಬಂದ ಚಿತ್ರಕ್ಕೆ ಯಾವ ಏಟು ಹೊಡೆಯಬೇಕು? ನಾಲ್ವರಿಗೆ ಹೊಡೆದಾಡಲು ಕಲಿಸುವ ಸಂಸ್ಥೆ ಐವತ್ತಾರು ಜನರಿಗೆ ಮಾತನಾಡಲು ಕಲಿಸುವುದಿಲ್ಲ. ಹೊಣೆಯನ್ನೆಲ್ಲ ಅಪಾಯದಲ್ಲಿರುವವರ ತಲೆಗೇ ಕಟ್ಟುವ ಈ ಪದ್ಧತಿಗೆ ಸುರಕ್ಷತೆ ಎಂಬ ಹೆಸರು ಸಲ್ಲದು.

ಹುಡುಗರಿಗೆ ಸಿಗುವುದು ಒಂದು ಮುಚ್ಚಳಿಕೆ. ಆರ್.ಕೆ. ರಾಘವನ್ ಸಮಿತಿಯ 2007ರ ವರದಿಯ ನಂತರ, 2009ರಲ್ಲಿ ಯುಜಿಸಿ ರ‍್ಯಾಗಿಂಗ್ ವಿರೋಧಿ ನಿಯಮಗಳನ್ನು ತಂದಿತು. ಅಂದಿನಿಂದ ಪ್ರತಿ ವರ್ಷ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡುತ್ತಾರೆ. ಬರೆದವರಲ್ಲಿ ಓದಿದವರೆಷ್ಟು ಎಂದು ನೀವೇ ಎದೆ ಮುಟ್ಟಿ ಹೇಳಿ. ಯುಜಿಸಿಯ 2015ರ ನಿಯಮಗಳಂತೆ ಪ್ರತಿ ಕಾಲೇಜಿನಲ್ಲಿ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕು, ವಿದ್ಯಾರ್ಥಿಗಳ ಪ್ರಕರಣದಲ್ಲಿ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳು ಮೂವರು ಅದರಲ್ಲಿರಬೇಕು, ವಿಚಾರಣೆ ತೊಂಬತ್ತು ದಿನಗಳಲ್ಲಿ ಮುಗಿಯಬೇಕು. ನಿಯಮ ಉತ್ತಮವಾಗಿದೆ. ಆದರೆ ಸಮಿತಿಯ ಕೆಲಸ ಆರಂಭವಾಗುವುದು ಕೆಡುಕು ನಡೆದ ಮೇಲೆ, ಅದೂ ಹುಡುಗಿ ಬಾಯಿಬಿಟ್ಟ ಮೇಲೆ. ಕೆಡುಕು ನಡೆಯುತ್ತಿರುವ ಆ ಎರಡು ನಿಮಿಷಗಳಲ್ಲಿ ಅಲ್ಲಿರುವುದು ಸಮಿತಿಯಲ್ಲ, ಸಹಪಾಠಿಗಳು.

“ಗಂಡುಮಕ್ಕಳನ್ನೆಲ್ಲ ಅಪರಾಧಿಗಳಂತೆ ಕಾಣುತ್ತೀರಾ?” ಎಂದು ನನ್ನ ಬಂಧುಗಳಲ್ಲಿಯೇ ಒಬ್ಬರು ಸಿಟ್ಟಾದರು. ನನ್ನ ಮಾತು ಅದಕ್ಕೆ ತದ್ವಿರುದ್ಧವಾದದ್ದು. ಆ ನಲವತ್ತನಾಲ್ವರು ಅಪರಾಧಿಗಳಲ್ಲವೆಂದೇ ಅವರಿಗೆ ಪಾಠ ಬೇಕೆನ್ನುತ್ತಿದ್ದೇನೆ. ಅಪರಾಧಿಗಳಿಗೆ ಬೇಕಾದದ್ದು ಶಿಕ್ಷೆ. ಒಳ್ಳೆಯತನವಿದ್ದೂ ಬಾಯಿ ಬಾರದವರಿಗೆ ಬೇಕಾದದ್ದು ಶಿಕ್ಷಣ. ಬೆಂಕಿ ನಂದಿಸಲು ಕಲಿಸುವವರು ನಿಮ್ಮನ್ನು ಬೆಂಕಿ ಹಚ್ಚುವವರೆಂದು ಕರೆದಂತಾಗುವುದಿಲ್ಲ. ಅಮೆರಿಕದಲ್ಲಿ ಜಾಕ್ಸನ್ ಕಾಟ್ಜ್ ಎಂಬವರು 1993ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾಪಟುಗಳಿಗೆ ಇಂಥ ತರಬೇತಿ ಆರಂಭಿಸಿದಾಗ ಅವರೂ ಹುಡುಗರನ್ನು ಸಂಭವನೀಯ ಅಪರಾಧಿಗಳೆಂದು ಕರೆಯದೆ, ಗೆಳೆಯನನ್ನು ತಡೆಯಬಲ್ಲ ಗೆಳೆಯರೆಂದೇ ಕರೆದರು. ಇನ್ನು, ಬಾಲಕಿಯರೇ ತುಂಬಿರುವ ನರ್ಸಿಂಗ್ ಕಾಲೇಜಿನಲ್ಲಿ ಇಬ್ಬರು ಹುಡುಗರಿದ್ದು ಅವರನ್ನು ಹಂಗಿಸುವುದು ನಡೆದರೆ ಇದೇ ನ್ಯಾಯ ಅಲ್ಲಿಗೂ ಸಲ್ಲುತ್ತದೆ. 2015ರ ನಿಯಮಗಳು ಗಂಡು ವಿದ್ಯಾರ್ಥಿಗಳೂ ತೃತೀಯ ಲಿಂಗಿಗಳೂ ತೊಂದರೆಗೊಳಗಾಗಬಹುದೆಂದು ಸ್ಪಷ್ಟವಾಗಿ ಗುರುತಿಸಿವೆ.

ಸಮಯವಿಲ್ಲ ಎನ್ನುವುದು ಇನ್ನೊಂದು ನೆಪ. ಎಐಸಿಟಿಇ 2017ರಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಮೂರು ವಾರಗಳ ಆರಂಭಿಕ ಪರಿಚಯ ಕಾರ್ಯಕ್ರಮವನ್ನು ರೂಪಿಸಿತು. ಮಾನವೀಯ ಮೌಲ್ಯಗಳ ಪಾಠ ಅದರ ಭಾಗ. ಪಕ್ಕದ ಬೆಂಚಿನವಳನ್ನು ಮನುಷ್ಯಳೆಂದು ಕಾಣುವುದಕ್ಕಿಂತ ಮಿಗಿಲಾದ ಮೌಲ್ಯ ಯಾವುದಿದೆ?

ಹೇಗೆ ಕಲಿಸಬೇಕೆಂಬುದನ್ನೂ ಹೇಳಿಬಿಡುತ್ತೇನೆ, ಬರಿದೆ ಬೈದು ಎದ್ದು ಹೋಗುವುದು ಮೇಷ್ಟರಿಗೆ ಶೋಭಿಸದು. ಐನೂರು ಜನರನ್ನು ಕೂರಿಸಿ ಭಾಷಣ ಮಾಡುವುದು ಬೇಡ. ಹದಿನೈದು ಇಪ್ಪತ್ತು ಜನರ ಗುಂಪುಗಳಾಗಲಿ. ತರಬೇತಿ ಪಡೆದ ಮೂರನೆಯ ವರ್ಷದ ವಿದ್ಯಾರ್ಥಿಗಳು ನಡೆಸಲಿ, ಜೊತೆಗೆ ಒಬ್ಬ ಅಧ್ಯಾಪಕರಿರಲಿ. ವಿಭಾಗದ ಮುಖ್ಯಸ್ಥರು ಮೊದಲ ದಿನ ಬಂದು ಕೊನೆಯವರೆಗೂ ಕುಳಿತಿರಲಿ. ದೀಪ ಬೆಳಗಿಸಿ ಹೊರಟು ಹೋದರೆ ಈ ವಿಷಯ ಎಷ್ಟು ಮುಖ್ಯವೆಂಬುದನ್ನು ಹುಡುಗರು ಅರಿತುಕೊಳ್ಳುತ್ತಾರೆ. ಕಾನೂನಿನ ಕಲಮುಗಳಿಗೆ ಅರ್ಧ ಗಂಟೆ ಸಾಕು. ಉಳಿದ ಹೊತ್ತು ಅವರದೇ ಬದುಕಿನ ಸಂದರ್ಭಗಳನ್ನು ಎದುರಿಗಿಟ್ಟು ಬಾಯಿಬಿಟ್ಟು ಮಾತನಾಡಿಸಬೇಕು. ಲ್ಯಾಬಿನಲ್ಲಿ ಸಹಾಯಕನೊಬ್ಬ ಹುಡುಗಿಯ ಭುಜದ ಮೇಲೆ ಕೈಯಿಟ್ಟ. ಕಾಲೇಜು ಹಬ್ಬದ ರಾತ್ರಿ ಕುಡಿದು ತೂರಾಡುವವಳನ್ನು ಒಬ್ಬ ಬೈಕಿಗೆ ಹತ್ತಿಸಲು ನೋಡುತ್ತಿದ್ದಾನೆ. ಒಲ್ಲೆನೆಂದವಳಿಗೆ ಗೆಳೆಯ ಹತ್ತನೆಯ ಬಾರಿ ಸಂದೇಶ ಕಳಿಸುತ್ತಿದ್ದಾನೆ. ನೀನು ಅಲ್ಲಿದ್ದೀಯೆ. ಏನು ಹೇಳುತ್ತೀಯೆ? ಇಲ್ಲಿ, ಈಗ, ಗಟ್ಟಿಯಾಗಿ ಹೇಳು.

ನನ್ನ ಆ ವಿದ್ಯಾರ್ಥಿಗೆ ಕೊರತೆಯಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಒಂದು ವಾಕ್ಯ. “ಮಗಾ, ಚೆನ್ನಾಗಿಲ್ಲ ಇದು, ತೆಗೆದುಬಿಡೋ” ಎಂಬ ನಾಲ್ಕು ಪದಗಳ ಒಂದು ವಾಕ್ಯ. ಅದಕ್ಕೆ ಇನ್ನೊಬ್ಬ “ಹೌದು, ತೆಗಿ” ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲ ಕಡೆಯೂ ಎದುರು ನಿಲ್ಲಲೇಬೇಕೆಂದಿಲ್ಲ. “ಏಯ್, ಸರ್ ಕರೀತಿದಾರೆ, ಬಾ” ಎಂದು ಅವನನ್ನು ಎಬ್ಬಿಸಿಕೊಂಡು ಹೋಗಬಹುದು. “ರೆಕಾರ್ಡು ತಂದಿದ್ದೀರಾ?” ಎಂದು ಅವಳ ಪಕ್ಕ ಹೋಗಿ ನಿಲ್ಲಬಹುದು. ತನ್ನಿಂದಾಗದಿದ್ದರೆ ವಾರ್ಡನ್ನರಿಗೋ ಅಧ್ಯಾಪಕರಿಗೋ ಹೇಳಬಹುದು. ಆ ಹೊತ್ತು ತಪ್ಪಿಹೋದರೆ ಮರುದಿನ ಅವಳ ಬಳಿ ಹೋಗಿ, “ನೆನ್ನೆ ಆದದ್ದು ತಪ್ಪು. ನಾನೇನು ಮಾಡಲಿ?” ಎಂದು ಕೇಳಬಹುದು. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಅವಳನ್ನು ಕೇಳದೆ ಅವಳ ಹೆಸರಿನಲ್ಲಿ ಊರೆಲ್ಲ ರಂಪ ಮಾಡಿದರೆ, ಅವಳ ಸಮ್ಮತಿಯನ್ನು ಎರಡನೆಯ ಸಲ ಕಡೆಗಣಿಸಿದಂತೆ. ಸಿನಿಮಾದ ನಾಯಕ ಹತ್ತು ಜನರನ್ನು ಹೊಡೆದುರುಳಿಸಿ ಹುಡುಗಿಯನ್ನು ಬಹುಮಾನವಾಗಿ ಪಡೆಯುತ್ತಾನೆ. ನಾನು ಹೇಳುತ್ತಿರುವವನು ಅವನಲ್ಲ. ಇವನು ಹೊಡೆಯುವುದಿಲ್ಲ, ಬಹ���ಮಾನವನ್ನೂ ಕೇಳುವುದಿಲ್ಲ.

ಇದರಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ಹೇಳಲಾರೆ. ಇಂಥ ತರಬೇತಿಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ಒಂದು ಸಮೀಕ್ಷೆಯ ಪ್ರಕಾರ, ತರಬೇತಿ ಪಡೆದವರು ನಡುವೆ ಬಂದು ತಡೆಯುವುದು ಹೆಚ್ಚಾಗುತ್ತದೆ. ಆದರೆ ಕೇಡು ಮಾಡುವವನ ಮನಸ್ಸು ಅದರಿಂದ ಬದಲಾಗುವುದೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದ್ದರಿಂದ ಸಮಿತಿಯೂ ಬೇಕು, ಕಾನೂನೂ ಬೇಕು, ಶಿಕ್ಷೆಯೂ ಬೇಕು. ಒಂದು ದಿನದ ಪಾಠ ಒಂದು ಸೆಮಿಸ್ಟರ್ ಕೂಡ ನಿಲ್ಲುವುದಿಲ್ಲವಾದ್ದರಿಂದ ಪ್ರತಿ ಸೆಮಿಸ್ಟರಿನಲ್ಲಿಯೂ ಮರುಪಾಠ ಬೇಕು. ಮಗ್ಗಿಯನ್ನು ಒಂದೇ ಸಲ ಹೇಳಿಸಿ ಬಿಟ್ಟ ಮೇಷ್ಟರನ್ನು ನೀವು ಕಂಡಿದ್ದೀರಾ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದೀರಿ, ಇಬ್ಬರು ಪ್ರಾಂಶುಪಾಲರೂ ಆಗಿದ್ದೀರಿ. ನಿಮ್ಮನ್ನು ನಾನು ಹೆಸರು ಹಿಡಿದು ಕರೆಯುವುದಿಲ್ಲ, ನಿಮಗೇ ಗೊತ್ತು. ಮುಂದಿನ ತಂಡದ ಮೊದಲ ವರ್ಷದ ತರಗತಿಗಳು ಆರಂಭವಾಗುವ ಮುನ್ನ ನಿಮ್ಮ ವಿಭಾಗದಲ್ಲಿ ಹತ್ತು ಜನ ಸೀನಿಯರ್ ಹುಡುಗರನ್ನು ಆರಿಸಿ ಕೂರಿಸಿಕೊಳ್ಳಿ. ಮಗನನ್ನು ಕಾಲೇಜಿಗೆ ಸೇರಿಸಲು ಹೊರಟಿರುವ ತಂದೆತಾಯಿಗಳೇ, ಹಾಸಿಗೆ ಬಕೀಟುಗಳ ಜೊತೆಗೆ ಈ ಒಂದು ಮಾತನ್ನೂ ಕಟ್ಟಿಕೊಡಿ: “ಕೆಟ್ಟದ್ದನ್ನು ಮಾಡಬೇಡ ಎಂದಷ್ಟೇ ನಾವು ಹೇಳುವುದಿಲ್ಲ. ನಿನ್ನ ಎದುರಿಗೆ ನಡೆದರೆ ಸುಮ್ಮನಿರಬೇಡ.” ಮಗಳನ್ನು ಕಳಿಸುವವರಿಗೆ ನನ್ನ ಉತ್ತರ ಇಷ್ಟೇ. ಅವಳಿಗೆ ಯಂತ್ರ ಇಷ್ಟವಿದ್ದರೆ ಯಂತ್ರದ ಬಳಿಗೇ ಕಳಿಸಿ. ಹೆದರಿ ಹಿಂದೆ ಸರಿಯಬೇಕಾದವಳು ಅವಳಲ್ಲ.

“ಮೌನಂ ಸಮ್ಮತಿ ಲಕ್ಷಣಂ” ಎಂಬ ಮಾತಿನ ವಿಸ್ತರಣೆ ಬರೆಯಲು ಇಂದು ಮಕ್ಕಳಿಗೆ ಕೊಟ್ಟರೆ ನಾನು ನಿರೀಕ್ಷಿಸುವ ಉತ್ತರ ಇದು: ಈ ಮಾತು ನೋಡುತ್ತ ನಿಂತವರಿಗೆ ಅನ್ವಯಿಸುತ್ತದೆ, ನೊಂದವರಿಗಲ್ಲ. ಹಾಗೆ ಬರೆದವರಿಗೆ ಪೂರ್ಣಾಂಕ.